ಸಫಿಕ್ಸ್ ಅರೇಯೋ, ಎಫ್‌ಎಂ-ಇಂಡೆಕ್ಸೋ?

ದೊಡ್ಡ ಪಠ್ಯದಲ್ಲಿ ಒಂದು ತುಣುಕನ್ನು ಬೇಗ ಹುಡುಕಲು ಮೊದಲೇ ಕಟ್ಟಿಟ್ಟುಕೊಳ್ಳುವ ಸೂಚಿಗಳು ಇವೆರಡೂ. ಯಾವುದನ್ನು ಆರಿಸಬೇಕು? ಮೊದಲು ಮೆಮೊರಿಯ ಲೆಕ್ಕ ಹಾಕಿ. ಮಾನವ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಡಿಎನ್‌ಎ ಅಕ್ಷರಗಳಿವೆ. ಸಫಿಕ್ಸ್ ಅರೇ ಎಂದರೆ ಪಠ್ಯದ ಪ್ರತಿ ಸ್ಥಾನದಿಂದ ಕೊನೆಯವರೆಗಿನ ಭಾಗಗಳನ್ನು ಅಕಾರಾದಿಯಾಗಿ ಜೋಡಿಸಿ, ಅವು ಶುರುವಾಗುವ ಸ್ಥಾನಗಳನ್ನು ಬರೆದಿಟ್ಟ ಪಟ್ಟಿ. ಅದರಲ್ಲಿ ಪ್ರತಿ ಸ್ಥಾನಕ್ಕೆ 4 ಬೈಟ್ ಎಂದರೂ 12 ಜಿಬಿ ಬೇಕು, ಮೂಲ ಪಠ್ಯ ಬೇರೆ. 2000ರಲ್ಲಿ ಸಂಶೋಧಕರಾದ ಫೆರಾಜಿನಾ ಮತ್ತು ಮಂಜೀನಿ ಪ್ರಕಟಿಸಿದ, ಒತ್ತಿ ಚಿಕ್ಕದಾಗಿಸಿದ ಸೂಚಿಯಾದ ಎಫ್‌ಎಂ-ಇಂಡೆಕ್ಸ್ ಅದನ್ನೇ ಕೆಲವೇ ಜಿಬಿಗಳಲ್ಲಿ ಹಿಡಿಸುತ್ತದೆ. ಮೂಲ ಪಠ್ಯವನ್ನೂ ತನ್ನೊಳಗಿಂದಲೇ ಮರಳಿ ಕೊಡುತ್ತದೆ. ನನಗೆ ಇದು ಇಂದಿಗೂ ಬೆರಗು.

ತುಣುಕು ಎಷ್ಟು ಸಲ ಬಂದಿದೆ ಎಂದು ಎಣಿಸುವುದರಲ್ಲಿ ಎಫ್‌ಎಂ ಬಲು ಚುರುಕು: ಕೊನೆಯ ಅಕ್ಷರದಿಂದ ಹಿಂದಕ್ಕೆ ಓದುತ್ತಾ, ತುಣುಕು ಇರಬಹುದಾದ ಸ್ಥಾನಗಳ ವ್ಯಾಪ್ತಿಯನ್ನು ಕಿರಿದಾಗಿಸುತ್ತದೆ. ಎಲ್ಲೆಲ್ಲಿ ಬಂದಿದೆ ಎಂದು ಕೇಳಿದಾಗ ಮಾತ್ರ ನಿಧಾನ. ಅರೇಯಲ್ಲಿ ಆ ಸ್ಥಾನಗಳು ಸಿದ್ಧವಾಗಿಯೇ ಇರುತ್ತವೆ.

ಪಠ್ಯ ಕೆಲವು ನೂರು ಎಂಬಿಯಷ್ಟಿದ್ದು, ಕೋಡನ್ನು ನೀವೇ ಬರೆಯುವುದಾದರೆ ಅರೇ ಸಾಕು. ಜೀನೋಮನ್ನು ಲ್ಯಾಪ್‌ಟಾಪ್‌ನಲ್ಲೇ ಜಾಲಾಡಬೇಕಾದರೆ ಎಫ್‌ಎಂ ಹಿಡಿಯಿರಿ. ದಿನವೂ ಬದಲಾಗುವ ಪಠ್ಯಕ್ಕೆ ಇವೆರಡೂ ಅಷ್ಟಾಗಿ ಒಗ್ಗುವುದಿಲ್ಲ.