ಮರಿಹಂದಿಗಳ ಕ್ರೀಪ್ ಫೀಡ್, 25 ಕೆಜಿ ಚೀಲ: ಫೀಡ್ ಚೆನ್ನ, ಚೀಲ ಗೋವಾದ ಮಳೆಗೆ ಆಗದು

ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಬರುವ ಈ ನುಚ್ಚು ಕ್ರೀಪ್ ಫೀಡ್ ಅಂದರೆ ಹಾಲು ಕುಡಿಯುವ ಮರಿಗಳಿಗೆ ಹಾಲಿನ ಜೊತೆಗೆ ಕೊಡುವ ಮೊದಲ ತಿನಿಸು. ಇದರಲ್ಲಿ ಪ್ರೋಟೀನ್, ಲೈಸಿನ್ (ಬೆಳವಣಿಗೆಗೆ ಬೇಕಾದ ಒಂದು ಅಮೈನೋ ಆಮ್ಲ) ಎಷ್ಟಿದೆ ಎಂಬುದು ಚೀಲದ ಮೇಲೇ ಇದೆ, ಅದು ಬಿಡಿ. ಗೋವಾದಲ್ಲಿ ನಾಲ್ಕೈದು ತಾಯಿಹಂದಿ ಸಾಕುವ ಸಣ್ಣ ಫಾರ್ಮಿಗೆ ಇದು ಒಗ್ಗುತ್ತದೆಯೇ ಎಂಬುದಷ್ಟೇ ಇಲ್ಲಿಯ ಮಾತು.

ಮರಿಗಳಿಗೆ ರುಚಿ ಹತ್ತುತ್ತದೆ, ಅದರಲ್ಲಿ ಅನುಮಾನವಿಲ್ಲ. ಹಾಲೊಡಕಿನ ಪುಡಿ ಧಾರಾಳವಾಗಿ ಬಿದ್ದಿರುವುದು ಚೀಲ ಬಿಚ್ಚಿದ ಕೂಡಲೇ ಮೂಗಿಗೆ ಗೊತ್ತಾಗುತ್ತದೆ. ಹುಟ್ಟಿದ 7ನೇ ದಿನದಿಂದ ತಗ್ಗು ತಟ್ಟೆಯಲ್ಲಿ ಒಂದೊಂದು ಹಿಡಿ ಸಾಕು. ತಟ್ಟೆ ತಾಯಿಯ ಬಾಯಿಗೆ ಸಿಗಬಾರದು, ಕಾವಿನ ಬಲ್ಬಿನ ಪಕ್ಕದಲ್ಲಿರಬೇಕು, ಸರಿಯಾಗಿ ಕೆಳಗಲ್ಲ. ದಿನಕ್ಕೆ ನಾಲ್ಕು ಸಲ ಉಳಿದದ್ದನ್ನು ತಾಯಿಯ ಬಾನಿಗೆ ಸುರಿದು, ತಟ್ಟೆ ಒರೆಸಿ ಹೊಸದು ಹಾಕಬೇಕು. ಮೊದಲ ವಾರ ತಿನ್ನುವುದಕ್ಕಿಂತ ಮೂತಿಯಿಂದ ಚೆಲ್ಲಾಡುವುದೇ ಹೆಚ್ಚು. ಅದನ್ನು ನಷ್ಟ ಅಂದುಕೊಳ್ಳಬೇಡಿ. ಹಾಲು ಕುಡಿಯುವ ಮರಿಯ ಕರುಳಿನಲ್ಲಿ ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ತುಂಬಿರುತ್ತದೆ, ಪಿಷ್ಟ ಒಡೆಯುವ ಕಿಣ್ವ ಇನ್ನೂ ಕಡಿಮೆ, ಹಾಗಾಗಿ ಫೀಡಿಗೆ ನಿಧಾನವಾಗಿ ಒಗ್ಗಬೇಕು. ತಿನ್ನುವುದನ್ನು ಮೊದಲೇ ಕಲಿತ ಮರಿ ತಾಯಿಯನ್ನು ಬಿಟ್ಟ ದಿನವೇ ತಟ್ಟೆಗೆ ಬರುತ್ತದೆ. ಕಲಿಯದ್ದು ಒಂದೆರಡು ದಿನ ಉಪವಾಸ ಕೂರುತ್ತದೆ. ಅಷ್ಟರಲ್ಲೇ ಸಣ್ಣ ಕರುಳಿನೊಳಗಿನ ಬೆರಳಿನಂಥ ವಿಲ್ಲೈ ಮೊಟಕಾಗುತ್ತವೆ. ಆಮೇಲೆ ಹಸಿದು ಒಮ್ಮೆಲೇ ತಿಂದದ್ದು ಅರಗದೆ ಕೆಳಗಿಳಿಯುತ್ತದೆ, ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಗೆ ಹಬ್ಬ, ಮರಿಗೆ ನೀರಿನಂಥ ಭೇದಿ.

ಈ ಫೀಡು ನಿಜವಾಗಿ ಮನಸ್ಸು ಗೆಲ್ಲುವುದು ಗಂಜಿಯಾಗಿ. ಹಾಲು ಬಿಡಿಸಿದ ದಿನ ಒಂದು ಪಾಲು ಫೀಡಿಗೆ ಎರಡು ಪಾಲು ಉಗುರು ಬೆಚ್ಚನೆಯ ನೀರು ಹಾಕಿ ಹತ್ತು ನಿಮಿಷ ನೆನೆಸಿದರೆ ಗಂಟಿಲ್ಲದೆ ಕರಗುತ್ತದೆ. ಎಲ್ಲ ಮರಿಗಳಿಗೂ ಒಟ್ಟಿಗೆ ಮೂತಿ ಇಡಲು ಜಾಗವಿರುವ ಉದ್ದನೆಯ ತಟ್ಟೆ ಬೇಕು. ತಾಯಿಯ ಕೆಚ್ಚಲಲ್ಲಿ ಜೊತೆಯಾಗಿ ಕುಡಿದು ರೂಢಿಯಾದ ಮರಿಗಳು ಇಲ್ಲೂ ಜೊತೆಯಾಗಿಯೇ ತಿನ್ನುತ್ತವೆ, ನೋಡಲು ಬಲು ಚೆಂದ. ದಿನಕ್ಕೆ ಐದು ಸಲ, ಒಂದು ಗಂಟೆಯಲ್ಲಿ ಖಾಲಿಯಾಗುವಷ್ಟೇ. ಉಳಿದದ್ದನ್ನು ಚೆಲ್ಲಿ ತಟ್ಟೆ ತೊಳೆಯಿರಿ, ಕರಾವಳಿಯ ಸೆಕೆಗೆ ಮಧ್ಯಾಹ್ನದೊಳಗೆ ಹುಳಿ ಬರುತ್ತದೆ. ನಾಲ್ಕೈದು ದಿನದಲ್ಲಿ ನೀರು ಇಳಿಸುತ್ತ ಒಣ ಫೀಡಿಗೆ ತನ್ನಿ. ಕುಡಿಯುವ ನೀರು ಬೇರೆಯೇ ಇರಲಿ.

ಇಷ್ಟಾದರೂ ಗಿಣ್ಣು ಹಾಲು ಸಿಗದ ಮರಿಯನ್ನು ಯಾವ ಫೀಡೂ ಎತ್ತಲಾರದು. ಹಂದಿಯಲ್ಲಿ ರೋಗ ತಡೆಯುವ ಪ್ರತಿಕಾಯಗಳು ಗರ್ಭದಲ್ಲಿ ದಾಟುವುದಿಲ್ಲ, ಗಿಣ್ಣಿನಲ್ಲೇ ಬರಬೇಕು. ಅವನ್ನು ಒಳಗೆ ಬಿಡುವ ಕರುಳಿನ ಬಾಗಿಲು ಸುಮಾರು 24 ಗಂಟೆಯಲ್ಲಿ ಮುಚ್ಚಿಕೊಳ್ಳುತ್ತದೆ. ಒಂದು ಕೆಜಿಗಿಂತ ಹಗುರವಾದ ಮರಿಗಳಿದ್ದರೆ, ಹೊಟ್ಟೆ ತುಂಬಿದ ದೊಡ್ಡವನ್ನು ಒಂದು ಗಂಟೆ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಸಣ್ಣವಕ್ಕೆ ಮೊಲೆ ಬಿಟ್ಟುಕೊಡಿ. ಮೂರನೇ ದಿನದೊಳಗೆ 200 ಮಿಲಿಗ್ರಾಂ ಕಬ್ಬಿಣದ ಇಂಜೆಕ್ಷನ್ ತಪ್ಪಿಸಬಾರದು.

ಇನ್ನು ಚೀಲ. ಲೆಕ್ಕ ನೋಡಿ: ಹಾಲು ಕುಡಿಯುವ 28 ದಿನಗಳಲ್ಲಿ ಒಂದು ಮರಿ ಅರ್ಧ ಕೆಜಿ ಫೀಡ್ ತಿಂದರೆ ಹೆಚ್ಚು. ಹತ್ತು ಮರಿಗೆ ಐದು ಕೆಜಿ. ಅಂದರೆ 7ನೇ ದಿನ ಬಿಚ್ಚಿದ ಚೀಲದಲ್ಲಿ ಇಪ್ಪತ್ತು ಕೆಜಿ ಮೂರು ವಾರ ಬಾಯಿ ತೆರೆದೇ ಕೂರುತ್ತದೆ. ಊರಿನ ಅಗೊಂಡಾ ಗೋವನ್ ತಳಿ ವಿದೇಶಿ ತಳಿಯಾದ ಯಾರ್ಕ್‌ಷೈರ್‌ಗಿಂತ ಕಡಿಮೆ ಮರಿ ಹಾಕುತ್ತದೆ, ಅಲ್ಲಿ ಉಳಿಕೆ ಇನ್ನೂ ಜಾಸ್ತಿ. ಒಳಗೆ ಪ್ಲಾಸ್ಟಿಕ್ ಪದರ ಇಲ್ಲ, ಬರೀ ನೇಯ್ದ ಚೀಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ ಹಾಲೊಡಕಿನ ಪುಡಿ ತೇವ ಹೀರಿ ಹೆಂಟೆ ಕಟ್ಟುತ್ತದೆ, ಕೊಬ್ಬು ಕಮಟುತ್ತದೆ, ಅಂಚಿಗೆ ಬೂಷ್ಟು ಹತ್ತುತ್ತದೆ. ಹಾಲು ಬಿಡಿಸಿದ ವಾರ, ಕರುಳು ಅತ್ಯಂತ ಸೋತಿರುವಾಗ, ಮರಿಗಳ ಪಾಲಿಗೆ ಬರುವುದು ಇದೇ ಕೆಟ್ಟ ಭಾಗ. ಇಷ್ಟು ದುಬಾರಿ ಫೀಡ್ ಮಾಡಿ ಚೀಲದಲ್ಲಿ ಜಿಪುಣತನ ಮಾಡಿದ್ದಕ್ಕೆ ಸಿಟ್ಟು ಬರುತ್ತದೆ. ಬೂಷ್ಟು ಬಂದದ್ದನ್ನು ಬಿಸಿಲಿಗೆ ಹರವಿದರೂ ಬೇಯಿಸಿದರೂ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಹೋಗುವುದಿಲ್ಲ, ಎಸೆಯುವುದೇ ದಾರಿ.

ಸದ್ಯಕ್ಕಿರುವ ಉಪಾಯ: ಬಿಚ್ಚಿದ ದಿನವೇ ಎರಡೆರಡು ಕೆಜಿಯಂತೆ ದಪ್ಪ ಪ್ಲಾಸ್ಟಿಕ್ ಕವರಿಗೆ ತುಂಬಿ, ಗಾಳಿ ಒತ್ತಿ ತೆಗೆದು ಕಟ್ಟಿ, ಬಿಗಿ ಮುಚ್ಚಳದ ಡ್ರಮ್ಮಿನಲ್ಲಿಟ್ಟು, ಡ್ರಮ್ಮನ್ನು ಗೋಡೆಯಿಂದ ದೂರ ಹಲಗೆಯ ಮೇಲೆ ಇಡುವುದು. ಅಕ್ಕಪಕ್ಕದ ಎರಡು ಫಾರ್ಮಿನವರು ಒಂದೇ ವಾರ ಮರಿ ಹಾಕಿಸಿ ಚೀಲ ಹಂಚಿಕೊಂಡರೆ ಇನ್ನೂ ಒಳ್ಳೆಯದು. ಐದು ಕೆಜಿಯ ಪ್ಯಾಕೆಟ್ ಬಂದರೆ ಕೆಜಿಗೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಬೇಕು. ಅಲ್ಲಿಯವರೆಗೆ ಅಂಗಡಿಯಲ್ಲಿ ಹೊಲಿಗೆಯ ಚೀಟಿಯ ಮೇಲಿನ ತಯಾರಿಕೆಯ ದಿನಾಂಕ ನೋಡಿ, ಚೀಲದ ಮೂಲೆ ಹಿಸುಕಿ, ಒಳಗೆ ಗಟ್ಟಿ ಹೆಂಟೆ ಸಿಕ್ಕರೆ ವಾಪಸ್ ಕೊಡಿ.