ಸೆಗೋವಿಯಾಗೆ ರೈಲಲ್ಲಿ ಹೋಗುವವರೇ, ವಾಪಸ್ ಬರುವ ಬಸ್ ನೋಡಿಕೊಳ್ಳಿ

ಸ್ಪೇನ್‌ನ ಮ್ಯಾಡ್ರಿಡ್‌ನಿಂದ ಸೆಗೋವಿಯಾ ಊರಿಗೆ ಒಂದು ದಿನದ ಮಟ್ಟಿಗೆ ಹೋಗಿ ಬರುವ ಪ್ಲಾನ್ ಇದೆಯಾ? ಹಾಗಿದ್ದರೆ ಇದನ್ನು ಓದಿಕೊಂಡು ಹೊರಡಿ. ನಾನು, ಅಮ್ಮ ಹೋಗಿ ಪೇಚಿಗೆ ಸಿಕ್ಕಿಕೊಂಡೆವು.

ಮ್ಯಾಡ್ರಿಡ್‌ನ ಚಮಾರ್ತಿನ್ ನಿಲ್ದಾಣದಲ್ಲಿ ಹೈಸ್ಪೀಡ್ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆ ಅಷ್ಟೇ. ಮಧ್ಯೆ ಗ್ವಾದರಾಮ ಬೆಟ್ಟದ ಹೊಟ್ಟೆಯೊಳಗೆ 28 ಕಿ.ಮೀ. ಸುರಂಗ. ಅಮ್ಮ ಚಕ್ಕುಲಿ ಡಬ್ಬಿ ಹುಡುಕಿ ತೆಗೆಯುವಷ್ಟರಲ್ಲಿ ಇಳಿಯಬೇಕಾಯಿತು. ಇಳಿದು ನೋಡಿದರೆ ಊರೇ ಇಲ್ಲ! ಸುತ್ತ ಬಯಲು, ದೂರದಲ್ಲಿ ಬೆಟ್ಟ, ಬೀಸುವ ಗಾಳಿ. ನಿಲ್ದಾಣದ ಹೆಸರು ಸೆಗೋವಿಯಾ ಗಿಯೊಮಾರ್. ಸ್ಪೇನ್‌ನ ಕವಿ ಅಂತೋನಿಯೊ ಮಚಾದೊ ತನ್ನ ಪ್ರೇಯಸಿಯನ್ನು ಕವಿತೆಗಳಲ್ಲಿ ಕರೆದ ಹೆಸರಂತೆ ಅದು. ಹೆಸರೇನೋ ಚೆನ್ನಾಗಿದೆ, ಊರು ಮಾತ್ರ ಐದಾರು ಕಿ.ಮೀ. ಆಚೆ. 2007ರಲ್ಲಿ ಹೈಸ್ಪೀಡ್ ಮಾರ್ಗ ಶುರುವಾದಾಗ ಬಂದ ನಿಲ್ದಾಣ ಇದು. ಹಳೇ ರೈಲ್ವೆ ಸ್ಟೇಷನ್ನೇ ಬೇರೆ.

ಹೋಗುವಾಗ ಏನೂ ಗೊತ್ತಾಗುವುದಿಲ್ಲ. ರೈಲು ಬರುವ ಹೊತ್ತಿಗೆ 11ನೇ ನಂಬರ್ ಬಸ್ ಹೊರಗೆ ನಿಂತಿರುತ್ತದೆ, ಸೀದಾ ರೋಮನ್ನರ ಮೇಲ್ಗಾಲುವೆ (ಎತ್ತರದ ಕಂಬಗಳ ಮೇಲೆ ನೀರು ಹರಿಸಲು ಕಟ್ಟಿದ ಕಲ್ಲಿನ ಕಾಲುವೆ) ಹತ್ತಿರ ಇಳಿಸುತ್ತದೆ. ಆದರೆ ಅದು ಓಡುವುದೇ ರೈಲಿನ ಸಮಯ ನೋಡಿಕೊಂಡು. ಒಂದು ತಪ್ಪಿತೋ, ಮುಂದಿನ ಬಸ್ ಮುಂದಿನ ರೈಲಿಗೆ! ಸಿಟಿ ಬಸ್ ಅಲ್ವಾ, ಬರ್ತಾ ಇರುತ್ತೆ ಅಂತ ನಾನು ಸುಮ್ನೆ ಇದ್ದೆ.

ಭಾನುವಾರ ಸಂಜೆ. ಅಮ್ಮನಿಗೆ ಮೇಲ್ಗಾಲುವೆಯ ಆ ಕಂಬಗಳನ್ನು ಬಿಟ್ಟು ಬರುವ ಮನಸ್ಸೇ ಇಲ್ಲ. "ಗಾರೆನೇ ಇಲ್ಲ ನೋಡೋ, ಬರೀ ಕಲ್ಲು ಜೋಡಿಸಿದ್ದಾರೆ" ಅಂತ ಸಂದಿಯಲ್ಲಿ ಬೆರಳಾಡಿಸುತ್ತಾ ನಿಂತುಬಿಟ್ಟರು. ಸ್ಟಾಪಿಗೆ ಬಂದಾಗ ಕಂಡಿದ್ದು ಬಸ್ಸಿನ ಹಿಂಭಾಗ. ರೈಲಿಗೆ ಇನ್ನೂ 35 ನಿಮಿಷ ಇದೆಯಲ್ಲ ಎಂದು ಮುಂದಿನ ಬಸ್ಸಿಗೆ ಕಾದೆವು. ಕಾಲು ಗಂಟೆ ಆದಮೇಲೆ ವೇಳಾಪಟ್ಟಿ ನೋಡಿದೆ, ಎದೆ ಧಸಕ್ಕೆಂದಿತು. ಟ್ಯಾಕ್ಸಿ ಸಿಗುವಷ್ಟರಲ್ಲಿ ಇನ್ನೂ ಹತ್ತು ನಿಮಿಷ ಹೋಯಿತು. ನಿಲ್ದಾಣದೊಳಗೆ ಓಡಿದರೆ ಗೇಟು ಹಾಕಿಯಾಗಿತ್ತು. ಹೊರಡುವುದಕ್ಕೆ ಎರಡು ನಿಮಿಷ ಮೊದಲೇ ಹಾಕಿಬಿಡುತ್ತಾರೆ. ರೈಲು ಕಣ್ಣೆದುರೇ ಹೋಯಿತು.

ಮುಂದಿನ ರೈಲು ಫುಲ್. ಅದರ ಮುಂದಿನದು ದೂರದೂರಿಂದ ಬರುವ ರೈಲು, ಬೆಳಗ್ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ದುಡ್ಡು. ಎರಡೂವರೆ ಗಂಟೆ ಕಾಯುವುದೆಂದರೆ ಎಲ್ಲಿಗೆ ಹೋಗುವುದು? ಹೊರಗೆ ಬರೀ ಬಯಲು, ಸಾವಿರ ಮೀಟರ್ ಎತ್ತರದ ಚಳಿ ಬೇರೆ. ಆ ಚಕ್ಕುಲಿ ಡಬ್ಬಿ ಖಾಲಿಯಾಗಿದ್ದು ಅಲ್ಲೇ.

ರೈಲಿಗೇ ಹೋಗುವುದಾದರೆ, ಊರಲ್ಲಿ ಇಳಿದ ಕೂಡಲೇ ಸ್ಟಾಪಿನಲ್ಲಿರುವ ವೇಳಾಪಟ್ಟಿಯ ಫೋಟೋ ತೆಗೆದುಕೊಳ್ಳಿ. ರಜಾ ದಿನದ ಕಾಲಂ ಬೇರೆ ಇರುತ್ತದೆ, ಅದನ್ನೇ ನೋಡಿ. ಇಲ್ಲವಾದರೆ ಮ್ಯಾಡ್ರಿಡ್‌ನ ಮೊಂಕ್ಲೋವಾದಿಂದ ಬಸ್ ಇದೆ. ಒಂದೂಕಾಲು ಗಂಟೆ ಹಿಡಿಯುತ್ತದೆ, ಆದರೆ ಇಳಿಯುವ ಜಾಗದಿಂದ ಮೇಲ್ಗಾಲುವೆಗೆ ನಡೆದೇ ಹೋಗಬಹುದು. ಅಮ್ಮನ ಓಟು ಅದಕ್ಕೇ, ದಾರಿಯಲ್ಲಿ ಚಕ್ಕುಲಿ ತಿನ್ನಲು ಟೈಮ್ ಸಿಗುತ್ತದಂತೆ.