ಪಬ್ ಪಕ್ಕದ ಮನೆಯೋ, ಆಫೀಸ್ ಹಿಂದಿನ ಮನೆಯೋ: ಬೆಂಗಳೂರಿನ ನಡುವೆ ಮೂರು ಏರಿಯಾ

ಬೆಂಗಳೂರಿನ ಮಧ್ಯದಲ್ಲೇ ಮನೆ ಕೊಳ್ಳಬೇಕು ಅನ್ನುವುದು ನಮ್ಮ ಹಟವಾಗಿತ್ತು. ನಾಟಕ, ಸಿನಿಮಾ, ಪುಸ್ತಕದಂಗಡಿ, ಶನಿವಾರ ರಾತ್ರಿ ಹೊರಗೆ ಊಟ ಎಲ್ಲವೂ ಬೇಕು. ಅದಕ್ಕಾಗಿ ಪ್ರತಿಸಲ ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಕೂರುವುದು ಮಾತ್ರ ಬೇಡ. ಇದೇ ದುಡ್ಡಿಗೆ ವೈಟ್‌ಫೀಲ್ಡ್ ಆಚೆ ಸ್ವಿಮ್ಮಿಂಗ್ ಪೂಲ್ ಇರುವ ಕಡೆ ಮೂರು ಬೆಡ್‌ರೂಮ್ ಸಿಗುತ್ತದಲ್ಲ ಅಂತ ನೆಂಟರೆಲ್ಲ ಹೇಳಿದರು. ನಮ್ಮ ಮನೆಯಲ್ಲಿ ಯಾರಿಗೂ ಈಜು ಬರುವುದಿಲ್ಲ.

ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಇಂದಿರಾನಗರ, ಮಲ್ಲೇಶ್ವರಂ ಮತ್ತು ರಿಚ್ಮಂಡ್ ಟೌನ್. ಮೂರರಲ್ಲೂ ಇದ್ದು ನೋಡಿಯೇ ಹೇಳುತ್ತಿದ್ದೇನೆ. ಮೊದಲೆರಡು ಕಡೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಕೊಂಡು ಬಾಡಿಗೆಗೆ ಇದ್ದೆವು. ರಿಚ್ಮಂಡ್ ಟೌನ್‌ನಲ್ಲಿ, ವಿದೇಶಕ್ಕೆ ಹೋದ ಗೆಳತಿಯ ಫ್ಲ್ಯಾಟ್ ಖಾಲಿ ಇತ್ತು. ಒಂದು ಮಳೆಗಾಲ ಅಲ್ಲಿ ಕಳೆದೆವು. ಮನೆಯಲ್ಲಿ ನಾನು, ನಮ್ಮನೆಯವರು, ಹೈಸ್ಕೂಲಿಗೆ ಹೋಗುವ ಮಗ, ಮತ್ತೆ ಅತ್ತೆ. ಅತ್ತೆಗೆ ಸಣ್ಣ ಸದ್ದಾದರೂ ಎಚ್ಚರವಾಗುತ್ತದೆ. ಹಾಗಾಗಿ ಈ ಹೋಲಿಕೆಯಲ್ಲಿ ಅವರ ಮಾತಿಗೆ ತೂಕ ಜಾಸ್ತಿ.

ಇಂದಿರಾನಗರದಿಂದ ಶುರು ಮಾಡುತ್ತೇನೆ, ಯಾಕಂದರೆ ಎಲ್ಲರಿಗೂ ಆಸೆ ಇರುವುದು ಅದರ ಮೇಲೆಯೇ. ಹಗಲು ಹೊತ್ತು ಅದಕ್ಕೆ ಸಮ ಇನ್ನೊಂದಿಲ್ಲ. ಅಗಲವಾದ ರಸ್ತೆ, ಮರಗಳು, ನಡೆಯಲು ಆಗುವಂಥ ಕೆಲವು ಫುಟ್‌ಪಾತ್. ಬೆಂಗಳೂರಿನ ಮೊದಲ ಮೆಟ್ರೋ 2011ರ ಅಕ್ಟೋಬರ್‌ನಲ್ಲಿ ಓಡಿದ್ದೇ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್‌ಗೆ, ಇಂದಿರಾನಗರದ ಮೂಲಕ. ಮನೆಯಿಂದ ಹೊರಟರೆ ತಿಂಡಿ, ಕಾಫಿ, ಬಟ್ಟೆ, ಸಿನಿಮಾ ಏನೇ ಆಗಲಿ ಚಪ್ಪಲಿ ಹಾಕಿಕೊಂಡು ಹೋಗಿಬರುವಷ್ಟು ಹತ್ತಿರ.

ರಾತ್ರಿಯ ಕಥೆಯೇ ಬೇರೆ. ನಾವಿದ್ದದ್ದು 12ನೇ ಮೇನ್‌ಗೆ ಹತ್ತಿರದ ಒಂದು ಅಡ್ಡರಸ್ತೆ. ನೂರಡಿ ರಸ್ತೆಯೂ ದೂರವೇನಲ್ಲ. ಒಂದು ಕಾಲಕ್ಕೆ ಇದೆಲ್ಲ ಬರೀ ಮನೆಗಳಿದ್ದ ಬಡಾವಣೆ. 2007ರಲ್ಲಿ ಬಂದ ಮಾಸ್ಟರ್ ಪ್ಲಾನ್ ಮನೆಗಳ ನಡುವೆ ವ್ಯಾಪಾರಕ್ಕೆ ದಾರಿ ಬಿಟ್ಟಮೇಲೆ ಒಂದೊಂದೇ ಮನೆ ಹೋಟೆಲ್ ಆಯಿತು, ಆಮೇಲೆ ಪಬ್ ಆಯಿತು. ಇಲ್ಲಿನ ನಿವಾಸಿಗಳು ಈ ಗಲಾಟೆಯ ವಿಷಯ ಹಿಡಿದು ಕೋರ್ಟಿಗೂ ಹೋಗಿದ್ದಾರೆ.

ಬಾಡಿಗೆಗೆ ಬರುವ ಮೊದಲು ನಾನು ಹೆದರಿದ್ದು ಪಬ್‌ನ ಹಾಡಿಗೆ. ಕಿಟಕಿ ಮುಚ್ಚಿದರೆ ಹಾಡು ಅಷ್ಟೇನೂ ಕೇಳುತ್ತಿರಲಿಲ್ಲ. ನಿದ್ದೆ ಕೆಡಿಸಿದ್ದು ಜನ ಮನೆಗೆ ಹೊರಡುವ ಹೊತ್ತು. ಮೆಟ್ರೋ ಹನ್ನೊಂದರ ಸುಮಾರಿಗೆ ನಿಲ್ಲುತ್ತದೆ, ಪಬ್ ಒಂದು ಗಂಟೆಯವರೆಗೆ ತೆರೆದಿರುತ್ತದೆ. ಹಾಗಾಗಿ ಹನ್ನೆರಡೂವರೆಯಿಂದ ಒಂದೂವರೆವರೆಗೆ ಎಲ್ಲರೂ ರಸ್ತೆಯಲ್ಲೇ. ವ್ಯಾಲೆ ಹುಡುಗ ಕಾರು ತಂದು ನಮ್ಮ ಗೇಟ್ ಮುಂದೆ ನಿಲ್ಲಿಸುತ್ತಾನೆ. ಯಾರೋ ಬೈಕ್ ಸ್ಟಾರ್ಟ್ ಮಾಡಿ, ರೈಸ್ ಮಾಡುತ್ತಾ ಗೆಳೆಯನಿಗೆ ಕಾಯುತ್ತಾನೆ. ಕ್ಯಾಬ್ ಡ್ರೈವರ್ ಫೋನಿನಲ್ಲಿ "ಲೊಕೇಶನ್ ಎಲ್ಲಿ ಸಾರ್, ನಾನು ನಿಂತಿದೀನಿ" ಅಂತ ಕೂಗುತ್ತಿರುತ್ತಾನೆ. ಆಟೋದವನು ಕೇಳಿದ ರೇಟಿಗೆ ನಾಲ್ಕು ಜನ ಸೇರಿ ಚೌಕಾಸಿ. ಇದಕ್ಕೆ ಯಾರ ಮೇಲೆ ಅಂತ ಕಂಪ್ಲೇಂಟ್ ಕೊಡುವುದು? ಶಬ್ದ ಮಾಲಿನ್ಯದ ನಿಯಮದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬಲ್ ಮಿತಿ. ಫೋನಿನ ಆ್ಯಪ್ ಪಕ್ಕಾ ಅಲ್ಲ, ಗೊತ್ತು. ಆದರೂ ಶನಿವಾರ ಕಿಟಕಿಯ ಕಟ್ಟೆ ಮೇಲೆ ಇಟ್ಟರೆ ಅದು 60ರ ಕೆಳಗೆ ಇಳಿಯುತ್ತಲೇ ಇರಲಿಲ್ಲ.

"ಏನಮ್ಮಾ, ಇವರಿಗೆಲ್ಲ ಮನೆ ಅಂತ ಇಲ್ವಾ?" ಅಂತ ಅತ್ತೆ ಕೇಳಿದರು. ಇದೆ ಅತ್ತೆ, ವೈಟ್‌ಫೀಲ್ಡ್ ಆಚೆ ಅಂದೆ.

ನ್ಯಾಯವಾಗಿ ಹೇಳಬೇಕೆಂದರೆ ಇಂದಿರಾನಗರ ಇಡೀ ಹೀಗಿಲ್ಲ. ಡಿಫೆನ್ಸ್ ಕಾಲೊನಿಯ ಒಳಗಿನ ರಸ್ತೆಗಳಲ್ಲಿ ರಾತ್ರಿ ನಾಯಿ ಬೊಗಳುವುದು ಬಿಟ್ಟರೆ ಬೇರೆ ಸದ್ದಿಲ್ಲ. ಆದರೆ ಅಲ್ಲಿ ಮಾರಾಟಕ್ಕೆ ಬರುವುದು ಹೆಚ್ಚಾಗಿ ಇಡೀ ಸೈಟು. ಅದು ನಮ್ಮ ಕೈಗೆಟುಕುವ ಮಾತಲ್ಲ.

ಮಲ್ಲೇಶ್ವರಂ ನಮ್ಮವರ ಜಾಗ. 1898ರ ಪ್ಲೇಗ್ ಆದಮೇಲೆ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ತುಂಬಿದ ಬಡಾವಣೆ ಇದು. ಈಗ ಇದೇ ಇಕ್ಕಟ್ಟು. ಆದರೂ ಎಂಟನೇ ಕ್ರಾಸ್‌ನಲ್ಲಿ ಹೂವು, ಹಣ್ಣು, ಕಾಡು ಮಲ್ಲೇಶ್ವರನ ಗುಡಿ, ಸಿಟಿಆರ್‌ನ ಬೆಣ್ಣೆ ಮಸಾಲೆ, ಬೆಳಗ್ಗೆ ಸ್ಯಾಂಕಿ ಕೆರೆಯ ಸುತ್ತ ಒಂದು ರೌಂಡು. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಹತ್ತಿರದಲ್ಲೇ ಇದೆ. ಕಛೇರಿ, ನಾಟಕ ಮುಗಿಸಿ ನಡೆದೇ ಮನೆಗೆ ಬಂದಿದ್ದೇವೆ. ಮನರಂಜನೆ ಅಂದರೆ ಪಬ್ ಒಂದೇ ಅಲ್ವಲ್ಲ.

ಸದ್ದು ಇಲ್ಲಿಯೂ ಇದೆ. ಗಣೇಶನ ಹಬ್ಬದ ತಿಂಗಳು ಒಂದೊಂದು ಕ್ರಾಸ್‌ಗೆ ಒಂದೊಂದು ಪೆಂಡಾಲ್, ಒಂದೊಂದು ಆರ್ಕೆಸ್ಟ್ರಾ. ಎರಡು ಪೆಂಡಾಲ್ ನಡುವೆ ಮನೆ ಇದ್ದರೆ ಎಡಗಿವಿಗೆ ಒಂದು ಹಾಡು, ಬಲಗಿವಿಗೆ ಇನ್ನೊಂದು. ಅತ್ತೆಗೆ ಅದು ಸದ್ದು ಅನ್ನಿಸಲೇ ಇಲ್ಲ. ಉಳಿದ ದಿನ ಅಂಗಡಿ ಬಾಗಿಲು ಹಾಕಿದ ಮೇಲೆ ಬೀದಿ ತಣ್ಣಗಾಗುತ್ತದೆ.

ತೊಂದರೆ ಇರುವುದು ರಾತ್ರಿ ವಾಪಸ್ ಬರುವುದರಲ್ಲಿ. ಸಂಪಿಗೆ ರೋಡ್ ಸ್ಟೇಷನ್ನಿನಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಎಂ.ಜಿ. ರೋಡ್‌ಗೆ ಆರಾಮಾಗಿ ಹೋಗಬಹುದು. ಬರುವಾಗ ಕೊನೇ ಮೆಟ್ರೋ ತಪ್ಪಿದರೆ ಆಟೋಗೆ ಮೀಟರ್ ತೋರಿಸಿದ್ದರ ಒಂದೂವರೆ ಪಟ್ಟು. ಅದು ಆಟೋದವರು ಮೀಟರ್ ಹಾಕಿದರೆ. ಊಟದ ಮಧ್ಯೆ ಗಡಿಯಾರ ನೋಡುವುದು ನಮ್ಮನೆಯವರಿಗೆ ಅಭ್ಯಾಸವೇ ಆಗಿಹೋಯಿತು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆವೇನೋ, ಆದರೆ ಮಲ್ಲೇಶ್ವರದಲ್ಲಿ ಕೊಳ್ಳಲು ಮನೆ ಸಿಗುವುದೇ ಕಷ್ಟ. ಹಳೇ ಕಟ್ಟಡಗಳಿಗೆ ಓಸಿ (ವಾಸಕ್ಕೆ ಅಡ್ಡಿಯಿಲ್ಲ ಅಂತ ಪಾಲಿಕೆ ಕೊಡುವ ಪತ್ರ) ಇರುವುದಿಲ್ಲ, ಲಿಫ್ಟ್ ಇರುವುದಿಲ್ಲ, ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಮೂರೂ ಇದ್ದ ಒಂದು ಮನೆ ಸಿಕ್ಕಿತು. ಅದು ತೀರಿಕೊಂಡ ತಾಯಿಯ ಹೆಸರಿನಲ್ಲಿತ್ತು. ಐದು ಜನ ಮಕ್ಕಳು, ಅವರಲ್ಲಿ ಒಬ್ಬರು ಅಮೆರಿಕದಲ್ಲಿ. ನಾಲ್ಕು ಸಹಿ ಸಲೀಸಾಗಿ ಬಂದವು. ಐದನೆಯವರು ಜಿಪಿಎ, ಅಂದರೆ ತಮ್ಮ ಪರವಾಗಿ ಸಹಿ ಹಾಕಲು ಅಧಿಕಾರ ಕೊಡುವ ಪತ್ರ, ಕಳಿಸುತ್ತೇನೆ ಅಂದವರು ಕೊನೆಗೆ "ಅಮ್ಮನ ಮನೆ, ಮಾರೋದು ಬೇಡ" ಅಂದುಬಿಟ್ಟರು. ಅವರ ಮೇಲೆ ಕೋಪ ಬರಲಿಲ್ಲ. ಬೇಜಾರಂತೂ ಆಯಿತು.

ರಿಚ್ಮಂಡ್ ಟೌನ್ ಪಟ್ಟಿಯಲ್ಲಿದ್ದದ್ದು ಸುಮ್ನೆ, ಫ್ಲ್ಯಾಟ್ ಖಾಲಿ ಇದೆಯಲ್ಲ ಅಂತ. ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್ ಇಷ್ಟು ಹತ್ತಿರ ಇರುವಾಗ ಇಂದಿರಾನಗರಕ್ಕಿಂತ ಗಲಾಟೆ ಜಾಸ್ತಿಯೇ ಇರಬೇಕು ಅಂದುಕೊಂಡಿದ್ದೆ. ಆದರೆ ಒಳರಸ್ತೆಯಲ್ಲಿ ರಾತ್ರಿ ಹತ್ತಾದರೆ ಸಾಕು, ಒಂದು ಸದ್ದಿಲ್ಲ. ಕಾರಣ ಆಮೇಲೆ ಹೊಳೆಯಿತು. ಇಲ್ಲಿ ಅಕ್ಕಪಕ್ಕ ಇರುವುದು ಶಾಲೆ, ಚರ್ಚು, ಕ್ಲಿನಿಕ್ಕು, ಆಫೀಸು. ಎಲ್ಲವೂ ಸಂಜೆ ಬೀಗ ಹಾಕಿಕೊಂಡು ಹೋಗುವಂಥವು. ಪಬ್‌ಗಳೆಲ್ಲ ಆಚೆಯ ಮೂರು ನಾಲ್ಕು ಬೀದಿಗಳಲ್ಲೇ ಗುಂಪಾಗಿವೆ. ಇಂದಿರಾನಗರದಲ್ಲಿ ರಾತ್ರಿ ತುಂಬುವ ಬೀದಿಯಲ್ಲಿ ಮನೆ ಇತ್ತು, ಇಲ್ಲಿ ರಾತ್ರಿ ಖಾಲಿಯಾಗುವ ಬೀದಿಯಲ್ಲಿ. ಎಂ.ಜಿ. ರೋಡ್ ಎಷ್ಟು ಹತ್ತಿರ ಅಂತ ಬ್ರೋಕರ್ ಮ್ಯಾಪ್ ತೆಗೆದು ತೋರಿಸುತ್ತಾರೆ. ಎದುರುಮನೆ ರಾತ್ರಿ ಹನ್ನೆರಡಕ್ಕೆ ಏನಾಗಿರುತ್ತದೆ ಅನ್ನುವುದು ಯಾವ ಮ್ಯಾಪ್‌ನಲ್ಲೂ ಇಲ್ಲ.

ಚರ್ಚ್ ಸ್ಟ್ರೀಟ್‌ಗೆ ನಿಧಾನವಾಗಿ ನಡೆದರೂ ಅರ್ಧ ಗಂಟೆಯೊಳಗೆ. 2018ರಲ್ಲಿ ಕಲ್ಲು ಹಾಸಿ ಹೊಸದು ಮಾಡಿದ ಮೇಲೆ ಅಲ್ಲಿ ಓಡಾಡುವುದೇ ಒಂದು ಖುಷಿ. ಬ್ಲಾಸಮ್ಸ್‌ನಲ್ಲಿ ಹಳೇ ಪುಸ್ತಕ ಹುಡುಕಿ, ಊಟ ಮಾಡಿ, ಗಡಿಯಾರ ನೋಡದೆ ನಡೆದು ಬರುತ್ತಿದ್ದೆವು.

ಬೆಳಗ್ಗೆ ಎಂಟರ ಹೊತ್ತಿಗೆ ಮಾತ್ರ ಮನೆಯಿಂದ ಕಾರು ತೆಗೆಯುವ ಯೋಚನೆಯೇ ಬೇಡ. ಸುತ್ತಲಿನ ಶಾಲೆಗಳಿಗೆ ಮಕ್ಕಳನ್ನು ಬಿಡುವ ಕಾರುಗಳು ರಸ್ತೆ ತುಂಬಾ. ಮಧ್ಯಾಹ್ನ ಮೂರಕ್ಕೆ ಮತ್ತೆ ಅದೇ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮ್ಯಾಚ್ ಇರುವ ಸಂಜೆ, ಡಿಸೆಂಬರ್ 31ರ ರಾತ್ರಿ ಎಂ.ಜಿ. ರೋಡ್ ಕಡೆ ಗಾಡಿ ಹೋಗುವುದಿಲ್ಲ ಅಂತಲೇ ಇಟ್ಟುಕೊಳ್ಳಬೇಕು. ತಿಂಡಿ ವಿಷಯದಲ್ಲಿ ಮಲ್ಲೇಶ್ವರದವರು ಇಲ್ಲಿ ಬಂದರೆ ಅಳುತ್ತಾರೆ. ಜಾನ್ಸನ್ ಮಾರ್ಕೆಟ್‌ನ ಬಿರಿಯಾನಿ ಮಗನಿಗೆ ಇಷ್ಟವಾಯಿತು. ಅತ್ತೆ ಮಾತ್ರ ಹೂವಿಗೆ, ಗುಡಿಗೆ ಅಂತ ವಾರಕ್ಕೊಮ್ಮೆ ಮೆಟ್ರೋ ಹತ್ತಿ ಮಲ್ಲೇಶ್ವರಕ್ಕೆ ಹೋಗಿಬರಲು ಶುರು ಮಾಡಿದರು. ಅದೇ ಅವರಿಗೆ ಈಗ ವಾರದ ತಿರುಗಾಟ.

ದುಡ್ಡಿನ ವಿಷಯ. ಲೆಕ್ಕ ಸುಲಭವಾಗಲಿ ಅಂತ ಮನೆಯ ಬೆಲೆ ಒಂದೂವರೆ ಕೋಟಿ ಇಟ್ಟುಕೊಳ್ಳೋಣ. ಕರ್ನಾಟಕದಲ್ಲಿ 45 ಲಕ್ಷ ಮೀರಿದರೆ ಮುದ್ರಾಂಕ ಶುಲ್ಕ 5 ಪರ್ಸೆಂಟ್. ಸಿಟಿಯಲ್ಲಿ ಸೆಸ್, ಸರ್ಚಾರ್ಜ್ ಸೇರಿ 5.6 ಆಗುತ್ತದೆ. ರಿಜಿಸ್ಟ್ರೇಷನ್ ಫೀ ಒಂದು ಪರ್ಸೆಂಟ್ ಇದ್ದದ್ದು 2025ರ ಆಗಸ್ಟ್ ಕೊನೆಯಿಂದ ಎರಡಾಗಿದೆ. ಒಟ್ಟು 7.6, ಅಂದರೆ 11 ಲಕ್ಷ 40 ಸಾವಿರ. ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ. 75 ಲಕ್ಷಕ್ಕಿಂತ ದೊಡ್ಡ ಸಾಲವಾದರೆ ಬ್ಯಾಂಕ್ ಕೊಡುವುದು ಮನೆಯ ಬೆಲೆಯ ಮುಕ್ಕಾಲು ಭಾಗ ಮಾತ್ರ. ಉಳಿದ ಮೂವತ್ತೇಳೂವರೆ ಲಕ್ಷಕ್ಕೆ ಇದನ್ನು ಸೇರಿಸಿದರೆ ಕೈಯಲ್ಲಿ ಹತ್ತಿರ ಹತ್ತಿರ 49 ಲಕ್ಷ ಇರಬೇಕು. ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಮೇಲೆ 5 ಪರ್ಸೆಂಟ್ ಜಿಎಸ್‌ಟಿ, ಇನ್ನೊಂದು ಏಳೂವರೆ ಲಕ್ಷ. ಓಸಿ ಸಿಕ್ಕಿರುವ, ಕೈ ಬದಲಾಗುವ ಹಳೇ ಫ್ಲ್ಯಾಟ್‌ಗೆ ಅದಿಲ್ಲ. ನಾವು ಹಳೆಯದರ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಯುಡಿಎಸ್, ಅಂದರೆ ಕಟ್ಟಡ ನಿಂತ ನೆಲದಲ್ಲಿ ನಿಮ್ಮ ಪಾಲು. ನಡುಪೇಟೆಯಲ್ಲಿ ಬೆಲೆ ಇರುವುದು ನೆಲಕ್ಕೆ, ಗೋಡೆಗಲ್ಲ. 60x90 ಸೈಟಿನಲ್ಲಿ ಎಂಟು ಮನೆ ಇದ್ದರೆ ಒಂದೊಂದಕ್ಕೆ 675 ಚದರಡಿ ಪಾಲು ಬರುತ್ತದೆ. ನಾವು ನೋಡಿದ ಒಂದು ಹೊಸ ಎತ್ತರದ ಕಟ್ಟಡದಲ್ಲಿ ಅದರ ಅರ್ಧವೂ ಇರಲಿಲ್ಲ, ಬೆಲೆ ಮಾತ್ರ ಜಾಸ್ತಿ. ಅಲ್ಲಿನ ಸೇಲ್ಸ್ ಹುಡುಗ "ಮೇಡಂ, ರೂಫ್‌ಟಾಪ್ ನೋಡಿ" ಅಂತಲೇ ಇದ್ದ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಎಷ್ಟು ಅಂತ ಕೇಳಿದ ಮೇಲೆ ಅವನ ಉತ್ಸಾಹ ಕಡಿಮೆಯಾಯಿತು.

ಕಾಗದಪತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಇ-ಖಾತಾ, ಇಸಿ (ಆಸ್ತಿಯ ಮೇಲಿನ ಸಾಲ, ಮಾರಾಟದ ದಾಖಲೆ), ಓಸಿ ಮೂರನ್ನೂ ಲಾಯರ್ ಕೈಗೆ ಕೊಡಿ. ಇ-ಖಾತಾ, ಇಸಿ ಎರಡರಲ್ಲೂ ಮಾಲೀಕರ ಹೆಸರು ಒಂದೇ ಥರ ಇದೆಯಾ ಅಂತ ನೀವೂ ಒಮ್ಮೆ ನೋಡಿಕೊಳ್ಳಿ. ಐವತ್ತು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯಾದರೆ ಮಾರುವವರಿಗೆ ಕೊಡುವ ಹಣದಲ್ಲಿ 1 ಪರ್ಸೆಂಟ್ ಟಿಡಿಎಸ್ (ಅವರ ಲೆಕ್ಕದ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು.

ನಾವು ಕೊಂಡದ್ದು ರಿಚ್ಮಂಡ್ ಟೌನ್‌ನಲ್ಲೇ. ಗೆಳತಿಯ ಬಿಲ್ಡಿಂಗ್ ಅಲ್ಲ, ಎರಡು ರಸ್ತೆ ಆಚೆ ಇರುವ ಮೂರು ಮಹಡಿಯ ಹಳೇ ಕಟ್ಟಡ. ಅಡ್ವಾನ್ಸ್ ಕೊಡುವ ಮೊದಲು ಒಂದು ಶನಿವಾರ ರಾತ್ರಿ ಹನ್ನೆರಡೂವರೆಗೆ ಗೇಟ್ ಮುಂದೆ ಹೋಗಿ ನಿಂತೆವು. ವಾಚ್‌ಮನ್ ಬಂದು ಯಾರು ಬೇಕು ಅಂತ ವಿಚಾರಿಸಿದರು. ಬೆಳಗಿನ ಶಾಲೆಯ ಹೊತ್ತಿನಲ್ಲೂ ಹೋಗಿ ನೋಡಿದೆವು. ಗೇಟಿನಿಂದ ಕಾರು ಹೊರಗೆ ಬರಲು ಬಹಳ ಹೊತ್ತು ಬೇಕು. ನಮ್ಮನೆಯವರು ಈಗ ಆಫೀಸಿಗೆ ಮೆಟ್ರೋದಲ್ಲೇ ಹೋಗುತ್ತಾರೆ. ಪಿಂಕ್ ಲೈನ್‌ಗೆ ಲ್ಯಾಂಗ್‌ಫರ್ಡ್ ಟೌನ್‌ನಲ್ಲಿ ಸುರಂಗದ ಸ್ಟೇಷನ್ ಬರುತ್ತದೆ ಅಂತ ಬ್ರೋಕರ್ ಅದನ್ನೂ ಬೆಲೆಗೆ ಸೇರಿಸಿ ಮಾತಾಡಿದ್ದರು. ನಾವು ಆ ಲೆಕ್ಕಕ್ಕೆ ಒಪ್ಪಲಿಲ್ಲ. ಬದಲಿಗೆ ಲಿಫ್ಟ್ ತೋರಿಸಿದೆವು. ಕೊಲ್ಯಾಪ್ಸಿಬಲ್ ಗೇಟ್ ಇರುವ ಹಳೇ ಲಿಫ್ಟ್, ಮೂರನೇ ಮಹಡಿ ತಲುಪುವ ಮೊದಲು ಒಂದು ಸಲ ಜಗ್ಗುತ್ತದೆ. ಅಪಾರ್ಟ್‌ಮೆಂಟ್ ಸಂಘದವರು ಅದನ್ನು ಬದಲಿಸಲು ಕೊಟೇಶನ್ ತರಿಸಿದ್ದರು. ನಮ್ಮ ಪಾಲಿಗೆ ಬರುವ ಮೊತ್ತವನ್ನು ಮನೆಯ ಬೆಲೆಯಲ್ಲೇ ಕಳೆಸಿಕೊಂಡು ರಿಜಿಸ್ಟ್ರೇಷನ್ ಮಾಡಿಸಿದೆವು. ಹೊಸ ಲಿಫ್ಟ್ ಇನ್ನೂ ಬಂದಿಲ್ಲ, ಅತ್ತೆ ಮೆಟ್ಟಿಲಲ್ಲೇ ಓಡಾಡುತ್ತಾರೆ.